ಹಾದಿ ಹೇಳುವವರು

ಓಸ್ವಿನ್ ಹೆಬ್ಡನ್ ಸಾಯುವ ಮೊದಲು ಕೇಳಿದ್ದು ಒಂದೇ ಒಂದು. ಅವನ ಊರಿನ ಮಾತಿನಲ್ಲಿ ಅವನಿಗೆ ಯಾರಾದರೂ ಹಾದಿ ಹೇಳಬೇಕಿತ್ತು. ಇಷ್ಟು ದೊಡ್ಡ ಲಂಡನ್ನಿನಲ್ಲಿ, ದಿನ ಬೆಳಗಾದರೆ ರಾಶಿ ರಾಶಿ ಮಾತು ಅಚ್ಚಾಗಿ ಹೊರಬೀಳುವ ಈ ಫ್ಲೀಟ್ ಬೀದಿಯಲ್ಲಿ, ಅದೊಂದನ್ನು ಒದಗಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಹಾಗಾಗಿ ಅವನ ಬಾಳನ್ನು ಹೇಳುವುದಾದರೆ ನಾನೇ ಹೇಳಬೇಕು. ಬೇರೆ ಯಾರಿಗೂ ಅವನ ನೆನಪಿಲ್ಲ, ಇದ್ದವರಿಗೆ ಪುರಸೊತ್ತಿಲ್ಲ.

ನಾನು ಪೆಟ್ರೊನೆಲ್. ಹ್ಯಾಮಂಡ್ ಪೊಲಾರ್ಡನ ಹೆಂಡತಿಯಾಗಿ ಈ ಅಚ್ಚುಕೂಟಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ಇದರ ಯಜಮಾನಿ. ಯಜಮಾನಿ ಎಂದರೆ ಏನೋ ಅಂದುಕೊಳ್ಳಬೇಡಿ. ಒದ್ದೆ ಹಾಳೆಗಳನ್ನು ಹಗ್ಗಕ್ಕೆ ಹಾಕುವುದು, ಅಕ್ಷರದ ಮೊಳೆಗಳನ್ನು ಬೂದಿನೀರಿನಲ್ಲಿ ತಿಕ್ಕಿ ತೊಳೆಯುವುದು, ಮಸಿ ಬಡಿಯುವ ಚರ್ಮದ ಉಂಡೆಗಳನ್ನು ಉಚ್ಚೆಯಲ್ಲಿ ನೆನೆಹಾಕುವುದು, ಕರಡು ಹಾಳೆಯನ್ನು ಗಟ್ಟಿಯಾಗಿ ಓದಿ ಹೇಳುವುದು, ಎಲ್ಲ ನನ್ನ ತಲೆಗೇ. ಓದು ಕಲಿಸಿದವನು ಹ್ಯಾಮಂಡ್. ಪ್ರೀತಿಯಿಂದ ಕಲಿಸುತ್ತಿದ್ದಾನೆ ಎಂದು ಮದುವೆಯಾದ ಹೊಸತರಲ್ಲಿ ಹಿಗ್ಗಿದ್ದೆ. ಕರಡು ಓದಲು ಇನ್ನೊಬ್ಬ ಆಳಿಗೆ ಸಂಬಳ ಕೊಡುವುದು ತಪ್ಪಲಿ ಎಂದು ಕಲಿಸಿದ್ದು ಅಂತ ಆಮೇಲೆ ತಿಳಿಯಿತು.

ಓಸ್ವಿನ್ ಬಂದದ್ದು ಉಣ್ಣೆ ಮೂಟೆಗಳ ಜೊತೆ. ಉತ್ತರ ಸೀಮೆಯ ಸ್ವೇಲ್ ಹೊಳೆಯ ಕಣಿವೆಯಿಂದ ಕುದುರೆಗಳ ಮೇಲೆ ಉಣ್ಣೆ ಹೇರಿಕೊಂಡು ಬಂದ ತಂಡದಲ್ಲಿ ಅವನೊಬ್ಬ ಆಳು. ಆಲ್ಡರ್ಸ್‌ಗೇಟ್ ಹತ್ತಿರದ ಛತ್ರದಲ್ಲಿ ಜ್ವರ ಬಂದು ಮಲಗಿದ. ತಂಡದವರು ಕಾಯಲಿಲ್ಲ, ಬಿಟ್ಟು ಹೊರಟುಹೋದರು. ಜ್ವರ ಬಿಟ್ಟಮೇಲೆ ಹೊಟ್ಟೆಪಾಡಿಗೆ ಕೆಲಸ ಹುಡುಕುತ್ತಾ ನಮ್ಮ ಬಾಗಿಲಿಗೆ ಬಂದ. ಅಚ್ಚುಯಂತ್ರದ ಸನ್ನೆಗೋಲು ಎಳೆಯಲು ಹ್ಯಾಮಂಡ್‌ಗೆ ಗಟ್ಟಿ ತೋಳಿನವನು ಬೇಕಾಗಿತ್ತು. ಓಸ್ವಿನ್‌ನ ತೋಳು ನೋಡಿದ, ಮಾತು ಕೇಳಲಿಲ್ಲ. ಕೇಳಿದ್ದರೆ ಇಟ್ಟುಕೊಳ್ಳುತ್ತಿದ್ದನೋ ಇಲ್ಲವೋ.

ಮೊದಲ ದಿನ ನನ್ನ ಹತ್ತಿರ ಬಂದು, "ಅಕ್ಕಾರ, ಒಂದೀಟು ನೀರು ಕೊಡ್ರಿ, ಗಂಟಲಾ ಒಣಗೇತಿ," ಎಂದ. ಅಚ್ಚುಕೂಟವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಯೋಸ್, ಹ್ಯಾಮಂಡ್ ಕಡಲಾಚೆಯ ಫ್ಲಾಂಡರ್ಸ್‌ನಿಂದ ಕರೆತಂದಿದ್ದ ಕೆಲಸಗಾರ. ಅವನಿಗೇ ಇಂಗ್ಲಿಷ್ ಅರ್ಧಂಬರ್ಧ. ಈ ಮನುಷ್ಯ ಮಾತಾಡುತ್ತಿದ್ದಾನೋ ಇಲ್ಲ ಕುರಿ ಕರೆಯುತ್ತಿದ್ದಾನೋ ಎಂದು ಯೋಸ್ ಕೇಳಿದ. ಓಸ್ವಿನ್ ಲೋಟ ಕೆಳಗಿಟ್ಟು, "ನಿಂದರ ಯಾವ ಭಾಷಾನೋ ಮಾರಾಯಾ, ಹಂದಿ ಸೈತ ತಿಳ್ಕೊಳ್ಳೂದಿಲ್ಲ," ಎಂದ. ಅದೂ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ, ಮತ್ತೆ ನಕ್ಕರು. ಆಮೇಲೆ ಎಷ್ಟೋ ಕಾಲ ಅವನು ಅಚ್ಚುಕೂಟದಲ್ಲಿ ಬಾಯಿ ಬಿಡದೆ ಕೆಲಸ ಮಾಡಿದ. ಊಟಕ್ಕೆ ಕೂತಾಗಲೂ ಗಂಜಿಯ ಪಾತ್ರೆಯ ಕಡೆ ಬೆರಳು ತೋರಿಸುತ್ತಿದ್ದನೇ ಹೊರತು ಕೇಳುತ್ತಿರಲಿಲ್ಲ. ನಗುವವರ ನಡುವೆ ಬದುಕುವುದು ಎಷ್ಟು ದಣಿವಿನ ಕೆಲಸ ಎಂಬುದು ಅವನ ಮುಖದಲ್ಲೇ ಬರೆದಿತ್ತು.

ಆ ಊರಿನ ಮಾತಿನಿಂದಲೇ ಅವನ ಹಣೆಬರಹ ತಿರುಗಿತು. ಉತ್ತರದ ಯಾವುದೋ ಮಠದಿಂದ ಒಂದು ಕೈಬರಹದ ಕಟ್ಟು ಬಂತು, ಸಂತರ ಕಥೆಗಳು, ಓದಿದರೆ ಮೈ ಜುಮ್ಮೆನ್ನುವಂಥವು ಎಂದು ತಂದವರು ಹೇಳಿದರು. ಹ್ಯಾಮಂಡ್ ಬಿಚ್ಚಿ ನೋಡಿದರೆ ಪುಟಪುಟವೂ ಉತ್ತರದ ಮಾತು. ಹಾಗೇ ಅಚ್ಚು ಹಾಕಿದರೆ ದಕ್ಷಿಣದ ಕೆಂಟಿನವನು ಮುಟ್ಟುವುದಿಲ್ಲ, ಲಂಡನ್ನಿನವನು ನಗುತ್ತಾನೆ. ಆಗ ಅವನ ಕಣ್ಣು ಸನ್ನೆ ಎಳೆಯುತ್ತಿದ್ದ ಓಸ್ವಿನ್ ಮೇಲೆ ಬಿತ್ತು. ಕರೆದು ಕೂರಿಸಿ ಹೇಳಿದ:

"ಕೈಬರಹದ ಪುಸ್ತಕ ಒಂದು ಮನೆಗೆ ಸೇರಿದ ಸೊಸೆ ಇದ್ದಂಗೆ ಕಣೋ. ಆ ಮನೆ ಮಾತು ಆಡಿದ್ರೆ ಸಾಕು. ಅಚ್ಚಿನ ಪುಸ್ತಕ ಸಂತೆಗೆ ಹೋಗೋದು. ಡೋವರಲ್ಲೂ ಯಾರ್ಕಲ್ಲೂ ಒಂದೇ ಮಾತಾಡ್ಬೇಕು. ಇಲ್ದಿದ್ರೆ ಐನೂರು ಪ್ರತೀನೂ ಇಲಿ ತಿನ್ನುತ್ತೆ. ನಿಮ್ಮೂರಿಂದು ನಿಂಗೆ ಗೊತ್ತು. ನಮ್ಮೂರಿಂದು ಕಲ್ತ್ಕೋ. ಅದನ್ನ ಇದು ಮಾಡಿ ಜೋಡಿಸು."

ಓಸ್ವಿನ್ ಅಕ್ಷರ ಕಲಿತ. ಹಗಲು ಸನ್ನೆ ಎಳೆದು, ಊಟದ ಬಿಡುವಿನಲ್ಲಿ ಕಲಿತ. ಕಷ್ಟಪಟ್ಟು ಕಲಿತವನು ಮರೆಯುವುದಿಲ್ಲ, ಅದು ಅವನ ಪುಣ್ಯವೋ ಪಾಪವೋ. ಆಮೇಲೆ ಅವನ ಜಾಗ ಕಿಟಕಿಯ ಪಕ್ಕ ಮೊಳೆ ಪೆಟ್ಟಿಗೆಯ ಮುಂದೆ. ಎದುರಿಗೆ ಉತ್ತರದ ಕೈಬರಹ, ಕೈ ಕೆಳಗೆ ಮನೆಮನೆಯಾಗಿ ಮಾಡಿದ ಪೆಟ್ಟಿಗೆಯಲ್ಲಿ ಸೀಸದ ಮೊಳೆಗಳು. ಕಣ್ಣು ಅವನ ಊರಿನ ಮಾತನ್ನು ಓದುತ್ತಿತ್ತು, ಕೈ ನಮ್ಮ ಊರಿನ ಮಾತನ್ನು ಜೋಡಿಸುತ್ತಿತ್ತು. ಬೆಳಗಿನಿಂದ ಬೆಳಕು ಹೋಗುವ ತನಕ ಇದೇ. ಒಂದು ಪುಟ ಮುಗಿದರೆ ಅಚ್ಚು, ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಮತ್ತೆ ಜೋಡಿಸು. ಇದ್ದ ಮೊಳೆಗಳೇ ಕಡಿಮೆ, ಒಂದು ಪುಟವನ್ನು ಕಟ್ಟಿದ ಹಾಗೇ ಇಟ್ಟುಕೊಳ್ಳುವ ಭಾಗ್ಯ ನಮಗಿರಲಿಲ್ಲ.

ಲಂಡನ್ನಿನ ಮಾತು ಎಂದರೆ ಯಾವುದು ಎಂದು ನೀವು ಕೇಳಬಹುದು. ಓಸ್ವಿನ್ ಕೂಡ ಕೇಳಿದ. ಹೊಳೆಯ ಈ ದಡದಲ್ಲಿ ಒಂದು, ಆ ದಡದಲ್ಲಿ ಇನ್ನೊಂದು. ನ್ಯಾಯಸ್ಥಾನದ ಗುಮಾಸ್ತರದೇ ಒಂದು, ಮೀನು ಮಾರುವ ಹೆಂಗಸರದೇ ಮತ್ತೊಂದು. ಒಂದೇ ಸಾಮಾನಿಗೆ ನಾಲ್ಕು ಹೆಸರು. ಯಾವುದು ಹಾಕಲಿ ಎಂದು ಹ್ಯಾಮಂಡ್‌ನ ಹತ್ತಿರ ಹೋದರೆ ಬೈಗುಳ. ಹಾಗಾಗಿ ಓಸ್ವಿನ್ ತಾನೇ ಯಾವುದೋ ಒಂದನ್ನು ಹಿಡಿದ. ಗುಮಾಸ್ತರ ಕಾಗದಗಳು ನಮ್ಮಲ್ಲಿ ಹೆಚ್ಚು ಬರುತ್ತಿದ್ದವು, ಅವರ ಮಾತೇ ಹೆಚ್ಚು ಹಿಡಿದ. ಒಮ್ಮೆ ಹಿಡಿದದ್ದನ್ನು ಬಿಡಲಿಲ್ಲ. ಬೆನ್ನು ಸಿಡಿಯುತ್ತಿರುವಾಗ ಒಂದೇ ಮಾತಿಗೆ ಎರಡು ಸಲ ತಲೆ ಕೆಡಿಸಿಕೊಳ್ಳಲು ಯಾರಿಗೆ ಬೇಕು. ಪಕ್ಕದ ಬೀದಿಯ ಅಚ್ಚುಕೂಟದವರು ನಮ್ಮ ಪುಸ್ತಕವನ್ನು ಮುಂದಿಟ್ಟುಕೊಂಡು ತಮ್ಮದನ್ನು ಜೋಡಿಸಿದರು, ಅವರದನ್ನು ನೋಡಿ ಇನ್ನೊಬ್ಬರು. ಎಲ್ಲರೂ ಹಾಗೇ ಮಾಡುತ್ತಿದ್ದರು, ಎಲ್ಲರಿಗೂ ಬೆನ್ನು ನೋಯುತ್ತಿತ್ತು.

ಕೆಲವು ವರ್ಷ ಕಳೆಯಿತು. ಒಂದು ದಿನ ಇಬ್ಬರು ಗುಮಾಸ್ತರು ಅಂಗಡಿಗೆ ಬಂದು ಜಗಳಕ್ಕೆ ನಿಂತರು. ಯಾವುದೋ ಒಂದು ಮಾತು ಸರಿಯೋ ತಪ್ಪೋ ಎಂದು ಒಂದು ಹೂಜಿ ಏಲ್ ಮದ್ಯ ಪಣ ಕಟ್ಟಿದ್ದರಂತೆ. ನಮ್ಮ ಪುಸ್ತಕ ತೆಗೆದು ನೋಡಿದರು. ಗೆದ್ದವನು ಪುಟದ ಮೇಲೆ ಬೆರಳಿಟ್ಟು, ನೋಡು, ಅಚ್ಚಾಗಿದೆ, ಇನ್ನೇನು ಹೇಳುತ್ತೀಯ ಎಂದ. ಸೋತವನು ಹಣದ ಚೀಲ ಬಿಚ್ಚಿದ. ಆ ಪುಟ ಜೋಡಿಸಿದವನು ಅವರ ಬೆನ್ನ ಹಿಂದೆಯೇ ಕೆಮ್ಮುತ್ತಾ ನಿಂತಿದ್ದ. ಅವರು ಹೋದಮೇಲೆ ಅವನನ್ನು ಕೇಳಿದೆ, ಆ ಮಾತನ್ನೇ ಯಾಕೆ ಹಾಕಿದ್ದೆ ಎಂದು. ಅವತ್ತು ಸುಸ್ತಾಗಿತ್ತು ಎಂದ.

ಇಷ್ಟರಲ್ಲಿ ಅವನ ನಾಲಿಗೆಯೂ ಬದಲಾಗಿತ್ತು. ನನ್ನನ್ನು ಅಕ್ಕಾರ ಎನ್ನುತ್ತಿದ್ದವನು ಎಲ್ಲರಂತೆ ಅಮ್ಮಾವ್ರೆ ಎನ್ನತೊಡಗಿದ್ದ. ಸದರ್ಕ್ ಕಡೆಯ ಮಾಡ್ ಎಂಬ ಹೆಣ್ಣನ್ನು ಮದುವೆಯಾದ. ಮನೆಯಲ್ಲೂ ಲಂಡನ್ ಮಾತೇ. ಬೆವರು ಬೇನೆ ಎಂಬ ಪಿಡುಗು ಬಂದ ವರ್ಷ ಅವಳೂ ಹೋದಳು, ಹಸುಗೂಸೂ ಹೋಯಿತು. ಅವನು ನಮ್ಮ ಅಟ್ಟದ ಮೇಲೆ, ಹೊಗೆಗೂಡಿನ ಪಕ್ಕಕ್ಕೆ ಹಾಸಿಗೆ ಹಾಕಿಕೊಂಡ. ತಾಯಿಗೆ ಹುಷಾರಿಲ್ಲ ಎಂದು ಸುದ್ದಿ ಬಂದಾಗ ಒಮ್ಮೆ ಊರಿಗೆ ಹೋಗಿದ್ದ. ಅವನು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಬಾಗಿಲಲ್ಲಿ ನಿಂತು ಲಂಡನ್ ಮಾತಿನಲ್ಲಿ ತಾನೇ ಓಸ್ವಿನ್ ಎಂದು ಹೇಳಿದ್ದಕ್ಕೆ ಅಣ್ಣ ಒಳಗಿನಿಂದಲೇ, "ಬರ್ರಿ ಧಣ್ಯಾರ, ನಮ್ಮಂತಾ ಬಡವರ ಮನೀಗೆ ಹಾದಿ ತಪ್ಪಿ ಬಂದ್ರೇನು," ಎಂದನಂತೆ. ಇಲ್ಲಿ ಕುರಿ ಎನಿಸಿಕೊಂಡವನು ಅಲ್ಲಿ ಧಣಿ ಎನಿಸಿಕೊಂಡು ವಾಪಸು ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವನ ತಾಯಿ ಹಾದಿ ಹೇಳುವವಳು. ಅದನ್ನು ಅವನು ನನಗೆ ಹೇಳಿದ್ದು ಬಹಳ ತಡವಾಗಿ, ಕೆಮ್ಮಿನಲ್ಲಿ ರಕ್ತ ಕಾಣಿಸಿದ ಮೇಲೆ. ಅವರ ಕಣಿವೆಯ ಮೇಲಿನ ಹಳ್ಳಿಗಳಲ್ಲಿ ಮಣ್ಣು ಮಾಡುವ ಜಾಗವಿಲ್ಲ. ಹೆಣವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊಳೆಯ ಗುಂಟ ಹೊತ್ತು ಗ್ರಿಂಟನ್ ಚರ್ಚಿನ ತನಕ ಇಳಿಯಬೇಕು. ದೂರದ ದಾರಿ. ಜೀವ ಮುಂದೆ ಹೋಗುತ್ತದೆ, ಹೆಣ ಹಿಂದೆ ಬರುತ್ತದೆ ಎಂದು ಅವರ ನಂಬಿಕೆ. ಮುಂದೆ ಹೋದ ಜೀವ ಮಂಜಿನಲ್ಲಿ ದಾರಿ ತಪ್ಪಬಾರದಲ್ಲ. ಅದಕ್ಕೆ ಸಾಯುವವರ ಪಕ್ಕ ಒಬ್ಬರು ಕೂತು ಹಾದಿ ಹೇಳುತ್ತಾರೆ. ಯಾವ ಗೋಡೆ ಹಿಡಿಯಬೇಕು, ಎಲ್ಲಿ ಹಳ್ಳ ದಾಟಬೇಕು, ಯಾವ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕು, ಎಲ್ಲ. ಪಾದ್ರಿ ಕೊನೆಗಾಲಕ್ಕೆ ಹಚ್ಚುವ ಎಣ್ಣೆ ಪಾಪಕ್ಕೆ, ಇದು ಕಾಲಿಗೆ ಎಂದು ಅವನ ತಾಯಿ ಹೇಳುತ್ತಿದ್ದಳಂತೆ. ತನಗೆ ತಾನೇ ಹೇಳಿಕೊಳ್ಳುವ ಹಾಗಿಲ್ಲ. ಈ ಕಡೆ ಉಳಿಯುವವರು ಹೇಳಬೇಕು.

ನೀನು ಸತ್ತರೆ ಸೇಂಟ್ ಬ್ರೈಡ್ ಚರ್ಚಿನ ಹಿಂದೆ ಮಣ್ಣು ಮಾಡುತ್ತೇವೆ, ಇಲ್ಲಿಂದ ಕೂಗಳತೆ, ನಿನಗ್ಯಾಕೆ ಹಾದಿ ಎಂದೆ. ನನಗೆ ಬೇಸರವಾದಾಗ ಬಾಯಿ ಹೀಗೇ ಕೆಡುತ್ತದೆ.

"ಹೆಣ ಇಲ್ಲೇ ಇರ್ಲಿ ಅಮ್ಮಾವ್ರೆ," ಎಂದ. "ನಾನು ಮನೆಗೆ ಹೋಗ್ಬೇಕಲ್ಲ."

ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ ಏನನ್ನೋ ಕೇಳಿದ. ಒಂದು ಹಾಳೆ ತನಗಾಗಿ ಅಚ್ಚು ಹಾಕಿಕೊಡಬೇಕು. ಹಾದಿ ಹೇಳುವುದನ್ನು ತಾಯಿಯ ಬಾಯಲ್ಲಿ ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು, ತಾನೇ ಜೋಡಿಸುತ್ತಾನೆ. ಸಮಯ ಬಂದಾಗ ನಾನು ಅದನ್ನು ಓದಬೇಕು. ಲಂಡನ್ನಿನಲ್ಲಿ ಅವನಿಗೆ ಉಳಿದಿದ್ದವಳು ನಾನೊಬ್ಬಳೇ. ಆಗಲಿ ಎಂದೆ. ವಕೀಲರ ಪುಸ್ತಕವೊಂದು ಅರ್ಧಕ್ಕೆ ನಿಂತಿತ್ತು, ಅದರ ಒಂದು ಪುಟದ ಮೊಳೆಗಳು ಬಿಚ್ಚಿ ಪೆಟ್ಟಿಗೆಗೆ ಬಿದ್ದ ಮಧ್ಯಾಹ್ನ, ಮುಂದಿನದು ಶುರುವಾಗುವ ಮೊದಲು, ಕೂತುಕೋ ಎಂದೆ.

ಕೂತ. ನಾನು ಹಗ್ಗದಿಂದ ಹಾಳೆ ತೆಗೆಯುತ್ತಾ ಹತ್ತಿರದಲ್ಲೇ ಇದ್ದೆ. ಅವನು ಮೆಲ್ಲಗೆ ಹೇಳಿಕೊಳ್ಳುತ್ತಾ ಜೋಡಿಸುತ್ತಿದ್ದ. ಎಷ್ಟೋ ವರ್ಷದ ಮೇಲೆ ಆ ಮಾತು ಅವನ ಬಾಯಲ್ಲಿ ಕೇಳಿದ್ದು.

"ಅಂಜಬ್ಯಾಡ, ಹಾದಿ ಇಲ್ಲೇ ಐತಿ. ಗ್ವಾಡಿ ಮಗ್ಗಲ ಹಿಡದು ಹೋಗು. ಹಳ್ಳಾ ದಾಟಿದ ಮ್ಯಾಲ ಕಲ್ಲಿನ ಮ್ಯಾಗ ಕುಂಡ್ರು. ಹೊಳ್ಳಿ ನೋಡಬ್ಯಾಡ."

ಕೇಳುತ್ತಾ ಕೇಳುತ್ತಾ ನನ್ನ ಕೈ ನಿಂತುಹೋಯಿತು. ಮೊದಲ ದಿನ ನಾನೂ ನಕ್ಕಿದ್ದ ಮಾತೇ ಅದು. ಈಗ ಕೇಳಿದರೆ ಯಾರೋ ನನ್ನ ಬೆನ್ನು ಸವರಿದ ಹಾಗಾಯಿತು. ಅವನು ಮುಗಿಸಿದ. ಯೋಸ್ ಮಸಿ ಬಡಿದು ಒಂದು ಕರಡು ತೆಗೆದ. ಯೋಸ್ ಕೂಡ ಆಗ ಮುದುಕ, ನಗುವುದನ್ನು ಬಿಟ್ಟಿದ್ದ. ಒದ್ದೆ ಹಾಳೆಯನ್ನು ಕಿಟಕಿಗೆ ಹಿಡಿದು ನಾನು ಗಟ್ಟಿಯಾಗಿ ಓದಿದೆ.

"ಹೆದರಬೇಡ, ದಾರಿ ಇಲ್ಲೇ ಇದೆ. ಗೋಡೆಯ ಪಕ್ಕದಲ್ಲಿ ನಡೆ. ತೊರೆ ದಾಟಿದ ಮೇಲೆ ಕಲ್ಲಿನ ಮೇಲೆ ಕುಳಿತುಕೋ. ಹಿಂತಿರುಗಿ ನೋಡಬೇಡ."

ಓಸ್ವಿನ್ ನನ್ನ ಮುಖ ನೋಡಿದ. ನಾನು ಓದುವಾಗ ಬದಲಿಸಿದೆ ಎಂದುಕೊಂಡನೋ ಏನೋ, ಹಾಳೆ ಕಸಿದುಕೊಂಡ. ಅಲ್ಲಿ ಇದ್ದದ್ದೇ ಹಾಗೆ. ಬಾಯಿ ಅವನ ತಾಯಿಯ ಮಾತನ್ನು ಹೇಳುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಹ್ಯಾಮಂಡ್ ಹೇಳಿಕೊಟ್ಟ ಕೆಲಸ ಮಾಡಿತ್ತು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಅಷ್ಟು ಚೊಕ್ಕವಾದ ಪುಟ ಅವನು ಎಂದೂ ಜೋಡಿಸಿರಲಿಲ್ಲ. ಅವನು ತನ್ನ ಕೈಗಳನ್ನು ಅಂಗಿಗೆ ಒರೆಸಿಕೊಂಡ. ನನಗೆ ಅಳು ಬಂತು, ಸಿಟ್ಟೂ ಬಂತು. ಸತ್ತುಹೋದ ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ.

ಇನ್ನೊಮ್ಮೆ ಕೂರುತ್ತೇನೆ ಎಂದ. ಅದಕ್ಕೆ ಮೊದಲು ಯೋಸ್ ಒಂದು ಮಾತು ಕೇಳಿದ, ಕಟ್ಟಿದ ಪುಟ ಚೆನ್ನಾಗಿದೆ, ಬಿಚ್ಚುವ ಮೊದಲು ಒಂದಷ್ಟು ಪ್ರತಿ ತೆಗೆಯಲೇ, ಉತ್ತರದ ಗಾಡಿಯವರಿಗೆ ಮಾರಬಹುದು. ಇದು ವ್ಯಾಪಾರದ ಮನೆ. ನಾನು ಓಸ್ವಿನ್ ಕಡೆ ನೋಡಿದೆ. ತೆಗೆಯಲಿ ಅಮ್ಮಾವ್ರೆ, ಕಾಗದ ಹೇಗೂ ಅಚ್ಚಿಗೆಂದು ನೆನೆಸಿದೆ ಎಂದ. ಸ್ವೇಲ್ ಕಣಿವೆಗೆ ಹೋಗಿಬರುವ ವಿಲ್ಫ್ರಿಡ್ ಎಂಬ ಗಾಡಿಯವನು ಒಂದು ಕಟ್ಟು ಒಯ್ದ.

ಎರಡನೆಯ ಸಲ ಓಸ್ವಿನ್ ಒಂದೊಂದು ಮೊಳೆಯನ್ನೂ ದುರುಗುಟ್ಟಿ ನೋಡಿ ಜೋಡಿಸಿದ. ಕೈ ಪೆಟ್ಟಿಗೆಯ ತಪ್ಪು ಮನೆಗೆ ಹೋದಾಗಲೆಲ್ಲ ಎಳೆದುಕೊಂಡ. ಬೆಳಕು ಹೋಗುವ ಹೊತ್ತಿಗೆ ಮುಗಿಯಿತು, ಈ ಸಲ ಅವನ ಊರಿನ ಮಾತೇ ಬಂದಿತ್ತು. ನಾನು ಓದಿದೆ. ಆ ಮಾತುಗಳು ನಾನು ಅಚ್ಚಿನಲ್ಲಿ ಎಂದೂ ಕಂಡವಲ್ಲ. ಮುಗ್ಗರಿಸುತ್ತಾ, ತಡವರಿಸುತ್ತಾ ಓದಿದೆ. ನನ್ನ ನಾಲಿಗೆಯಲ್ಲಿ ಅವು ನಾಟಕದವರು ಹಳ್ಳಿಗನನ್ನು ಅಣಕಿಸಿ ಆಡುವ ಮಾತಿನಂತೆ ಕೇಳಿದವು. ಮತ್ತೆ ಓದಿದೆ, ಇನ್ನೂ ಕೆಟ್ಟಿತು. ಅವನು ಮರ್ಯಾದಸ್ಥ, ಚೆನ್ನಾಗಿದೆ ಎಂದ. ಅವನ ಕಣ್ಣು ನೋಡಿ ನಾನೇ ಹಾಳೆ ಮಡಿಸಿಟ್ಟೆ. ಮರುದಿನ ವಕೀಲರ ಪುಸ್ತಕಕ್ಕೆ ಮೊಳೆ ಬೇಕಾಯಿತು, ಬಿಚ್ಚಿಹಾಕಿದೆವು.

ಆಗ ನಾನು ಒಂದು ಹಟ ಹಿಡಿದೆ. ಅಚ್ಚಿನಿಂದ ಆಗದಿದ್ದರೆ ಬೇಡ, ಆ ಕಣಿವೆಯ ಒಂದು ಬಾಯಿಯನ್ನೇ ಕರೆಸುತ್ತೇನೆ ಎಂದೆ. ವಿಲ್ಫ್ರಿಡ್ ಮುಂದಿನ ಸಲ ಬಂದಾಗ ಎದುರು ನಿಂತು ಹೇಳಿದೆ, ಹಾದಿ ಹೇಳಲು ಬರುವವರು ಯಾರಾದರೂ ಸರಿ, ಓಸ್ವಿನ್ ಹೆಬ್ಡನ್‌ಗೆ ಕೊನೆಗಾಲ, ಕರೆದುಕೊಂಡು ಬಾ. ವಿಲ್ಫ್ರಿಡ್ ತಲೆ ಕೆರೆದುಕೊಂಡು, ತನ್ನ ಹೆಂಡತಿಯೇ ಓಸ್ವಿನ್‌ನ ಅಣ್ಣನ ಮಗಳು, ಇಸೊಟ್ ಎಂದು, ಅವಳ ಅಜ್ಜಿ ಅವಳಿಗೇ ಎಲ್ಲ ಕಲಿಸಿ ಸತ್ತದ್ದು ಎಂದ. ಅಟ್ಟ ಹತ್ತಿ ಓಸ್ವಿನ್‌ಗೆ ಹೇಳಿದಾಗ ಅವನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಇಸೊಟ್ ಇನ್ನೂ ತೊಟ್ಟಿಲಲ್ಲಿದ್ದಾಗ ಅವನು ಊರು ಬಿಟ್ಟಿದ್ದಂತೆ.

ಆ ಚಳಿಗಾಲ ಉದ್ದವಾಗಿತ್ತು. ಉತ್ತರದ ದಾರಿಗಳಲ್ಲಿ ಹಿಮ ಬಿದ್ದು ಗಾಡಿಗಳು ನಿಂತವು. ಓಸ್ವಿನ್ ಅಟ್ಟದ ಮೇಲೆ ಮಲಗಿದವನು ಮತ್ತೆ ಇಳಿಯಲಿಲ್ಲ. ಕೆಳಗೆ ಯಂತ್ರ ಕಿರುಗುಟ್ಟುವುದು ಕೇಳುತ್ತಾ, ಈಗ ಎಷ್ಟನೆಯ ಹಾಳೆ ಎಂದು ಕೇಳುತ್ತಿದ್ದ. ನಾನು ಈಲು ಮೀನಿನ ಸಾರು ಒಯ್ದುಕೊಡುತ್ತಿದ್ದೆ, ಎರಡು ಗುಟುಕು ಕುಡಿದು ಇಡುತ್ತಿದ್ದ. ಹಿಮ ಕರಗಿತೇ ಎಂದು ದಿನಾ ಕೇಳುತ್ತಿದ್ದ. ಕರಗಿತು, ಬರುತ್ತಾರೆ ಎಂದು ದಿನಾ ಹೇಳುತ್ತಿದ್ದೆ. ಹೇಳಿ ಹೇಳಿ ನನಗೂ ಸಾಕಾಗಿತ್ತು. ಪಾದ್ರಿ ಬಂದು ಎಣ್ಣೆ ಹಚ್ಚಿ ಹೋದರು. ಸಾಯುವವನು ಸಾಯದೆ ಕಾಯುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾಕೆ ಎಂದು ನನಗೂ ಯೋಸ್‌ಗೂ ಗೊತ್ತಿತ್ತು.

ಈಸ್ಟರ್ ಹತ್ತಿರ ಬಂದಾಗ ಇಸೊಟ್ ಬಂದಳು. ಕೆಂಪು ಕೆನ್ನೆಯ ಗಟ್ಟಿಮುಟ್ಟಾದ ಹೆಂಗಸು, ಲಂಡನ್ನಿಗೆ ಬರುತ್ತೇನೆಂದು ಒಗೆದು ಮಡಿಸಿದ್ದ ಬಿಳಿ ತಲೆವಸ್ತ್ರ ಕಟ್ಟಿದ್ದಳು. ಅಷ್ಟು ದೂರ ಗಂಡನ ಗಾಡಿಯಲ್ಲಿ ಕೂತು ಬಂದು ಸೊಂಟ ಹಿಡಿದುಹೋಗಿತ್ತು, ಆದರೂ ಮುಖದಲ್ಲಿ ತೋರಿಸಲಿಲ್ಲ. ದೇವರಂಥ ಮಗಳು ಎಂದುಕೊಂಡೆ. ಅಟ್ಟಕ್ಕೆ ಕರೆದೊಯ್ದೆ. ಓಸ್ವಿನ್ ಕಣ್ಣು ಬಿಟ್ಟು ಅವಳನ್ನು ನೋಡಿ ಕೈ ಚಾಚಿದ. ಅವಳು ಹಾಸಿಗೆಯ ಪಕ್ಕ ಮಂಡಿಯೂರಿ ಕೂತು, "ಕಾಕಾ, ನಾನು ಇಸೊಟ್. ಹಾದಿ ಹೇಳೋದಕ್ಕೆ ಬಂದಿದೀನಿ," ಎಂದಳು. ಲಂಡನ್ನಿನವಳ ಹಾಗೆ ಹೇಳಲು ಕಷ್ಟಪಡುತ್ತಿದ್ದಾಳೆ ಎನ್ನಿಸಿತು. ದೊಡ್ಡ ಊರಿನಲ್ಲಿರುವ ಕಾಕಾ, ಅವನ ಮುಂದೆ ಅಪಹಾಸ್ಯ ಆಗಬಾರದು ಎಂದಿರಬೇಕು. ಪಾಪ ಎಂದುಕೊಂಡೆ.

ಓಸ್ವಿನ್ ಕಣ್ಣು ಮುಚ್ಚಿದ. ಅವಳು ಎದೆಯ ಬಟ್ಟೆಯೊಳಗಿನಿಂದ ಏನನ್ನೋ ತೆಗೆದು ಬಿಡಿಸಿದಳು. ಹಾಳೆ. ನಮ್ಮ ಅಚ್ಚಿನ ಹಾಳೆಯೇ. ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿತ್ತು. ಅದನ್ನು ಕಿಟಕಿಯ ಕಡೆ ಹಿಡಿದು ಅವಳು ಶುರುಮಾಡಿದಳು.

"ಹೆದರಬೇಡ, ದಾರಿ ಇಲ್ಲೇ ಇದೆ."

ಓಸ್ವಿನ್ ಕಣ್ಣು ತೆರೆದ. ಅವಳು ನೋಡಲಿಲ್ಲ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಮುಂದಕ್ಕೆ ಓದುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವಳ ಭುಜ ಹಿಡಿದು ನಿಲ್ಲಿಸಿದೆ. ಆ ಹಾಳೆ ಇಡಮ್ಮ, ನಿಮ್ಮಜ್ಜಿ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳು, ನಿನಗೆ ಬರುತ್ತದಂತಲ್ಲ ಎಂದೆ.

ಇಸೊಟ್ ಕಿವಿಯ ತನಕ ಕೆಂಪಾದಳು. "ಬರ್ತೈತ್ರಿ," ಎಂದವಳು ಹಲ್ಲು ಕಚ್ಚಿಕೊಂಡಳು. "ಬರುತ್ತೆ ಅಮ್ಮಾವ್ರೆ. ಆದ್ರೆ ಆಯಿ ಹೇಳ್ತಿದ್ದದ್ದು ತಪ್ಪಂತೆ. ನಮ್ಮ ಚರ್ಚಿನ ಗುಮಾಸ್ತರು ಇದನ್ನ ಓದಿ ಹೇಳಿದ್ರು, ನಂಗೂ ಓದೋದು ಕಲಿಸಿದ್ರು. ಸರಿಯಾದ್ದು ಹೀಗೆ, ಅಚ್ಚಾಗಿದೆ ಅಂತ. ಈಗ ನಮ್ಮಲ್ಲಿ ಎಲ್ರಿಗೂ ಇದನ್ನೇ ಓದೋದು. ಸಾಯೋರಿಗೆ ತಪ್ಪು ಹಾದಿ ಹೇಳಕ್ಕಾಗತ್ತಾ?"

ಆ ಹಾಳೆ ಜೋಡಿಸಿದವನು ಇವನೇ, ತಪ್ಪಾಗಿ ಜೋಡಿಸಿದ, ಅದು ಸರಿಯಲ್ಲ ಎಂದು ನನ್ನ ಬಾಯಿಗೆ ಬಂತು. ಹೇಳಿಬಿಡುತ್ತಿದ್ದೆ. ಓಸ್ವಿನ್ ಬೆರಳು ಎತ್ತಿ ನನ್ನನ್ನು ತಡೆದ. ಅವಳ ಕಡೆ ತಿರುಗಿದ. ಉಸಿರು ಸಾಲುತ್ತಿರಲಿಲ್ಲ, ಆದರೂ ತನ್ನ ಊರಿನ ಮಾತಿನಲ್ಲೇ ಹೇಳಿದ.

"ನೀ ಓದಿದ್ದ ಖರೆ ಐತವ್ವ. ನಾಚಬ್ಯಾಡ. ಚಲೋ ಓದ್ತಿ. ಮತ್ತೊಮ್ಮಿ ಮೊದಲಿಂದ ಓದು."

ಅವಳ ಮುಖ ಬೆಳಗಿತು. ಕಾಕಾ ಮೆಚ್ಚಿದ್ದು ಅವಳಿಗೆ ಸಾಕಾಗಿತ್ತು. ಅವನು ಯಾವ ಮಾತಿನಲ್ಲಿ ಮೆಚ್ಚಿದ ಎಂಬುದನ್ನು ಅವಳು ಗಮನಿಸಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಮಾತು, ಯಾಕೆ ಗಮನಿಸುತ್ತಾಳೆ. "ಆಯ್ತು ಕಾಕಾ," ಎಂದು ತಲೆವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕೂತಳು. ನಾನು ಗೋಡೆಗೆ ಒರಗಿದೆ. ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮನೆಗೆ ಹೋಗಬೇಕು ಎಂದು ಚಳಿಗಾಲವಿಡೀ ಜೀವ ಹಿಡಿದುಕೊಂಡಿದ್ದವನು, ಒಬ್ಬ ಹೆಣ್ಣುಮಗಳು ತನ್ನ ಮಾತಿಗೆ ನಾಚಿ ತಲೆ ತಗ್ಗಿಸಬಾರದೆಂದು ಅದನ್ನೂ ಬಿಟ್ಟುಕೊಟ್ಟ.

ಇಸೊಟ್ ಮೊದಲಿನಿಂದ ಓದಿದಳು. ಹೆದರಬೇಡ ಎಂದಳು, ಗೋಡೆಯ ಪಕ್ಕದಲ್ಲಿ ನಡೆಸಿದಳು, ತೊರೆ ದಾಟಿಸಿದಳು. ಅವಳ ದನಿ ಒಳ್ಳೆಯ ದನಿ. ಕಲ್ಲಿನ ಹತ್ತಿರ ಬಂದಾಗ ಓಸ್ವಿನ್‌ನ ತುಟಿ ಅಲ್ಲಾಡತೊಡಗಿತು. ತಾಯಿಯ ಮಾತನ್ನು ತಾನೇ ಹೇಳಿಕೊಳ್ಳುತ್ತಿದ್ದಾನೆ, ಅಷ್ಟಾದರೂ ದಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು. ಹತ್ತಿರ ಹೋಗಿ ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟೆ.

ಕುಳಿತುಕೋ ಎನ್ನುತ್ತಿದ್ದ. ಹಿಂತಿರುಗಿ ನೋಡಬೇಡ ಎನ್ನುತ್ತಿದ್ದ. ಹಾಳೆಯಲ್ಲಿ ಹೇಗಿತ್ತೋ ಹಾಗೆ, ಅವಳ ಜೊತೆಜೊತೆಗೇ.